ಹೊಸದಾಗಿ ಅಡುಗೆ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಮಹಡಿಯಲ್ಲಿ ಕೆಲಸಕ್ಕೆ ಹೋಗುವ ಹುಡುಗರು ಬಾಡಿಗೆಗೆ ಇರುತ್ತಾರೆ. ವರ್ಷ ಎರಡು ವರ್ಷಕ್ಕೆ ಮುಖ ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. "ಆಂಟಿ, ಅನ್ನ ಮುದ್ದೆ ಆಗೋಯ್ತು, ಏನ್ ಮಾಡ್ಲಿ?" ಅಂತ ಮೆಟ್ಟಿಲ ಮೇಲಿಂದಲೇ ಕೇಳುತ್ತಾರೆ. ಜರ್ಮನಿಯಲ್ಲಿ ಓದುತ್ತಿರುವ ಅಣ್ಣನ ಮಗಳು ಫೋನ್ ಮಾಡಿ ಕೇಳುವುದೂ ಹೆಚ್ಚುಕಡಿಮೆ ಅದನ್ನೇ. ಅವರಿಗೆಲ್ಲ ಹೇಳಿದ್ದನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಲೋಟ ಅಂದರೆ 200 ಮಿಲಿ ಹಿಡಿಯುವುದು, ಚಮಚ ಅಂದರೆ ಟೀ ಚಮಚ.

ಕಲಿಯಬೇಕು ಅಂದುಕೊಂಡ ಅಡುಗೆಗಳ ಪಟ್ಟಿ ದೊಡ್ಡದಿದೆ. ಯಾವುದರಿಂದ ಶುರು ಮಾಡಲಿ?

ಎಲ್ಲರ ಪಟ್ಟಿಯಲ್ಲೂ ಬಿರಿಯಾನಿ, ಬಿಸಿಬೇಳೆಬಾತ್, ಮಸಾಲೆ ದೋಸೆ, ಒಬ್ಬಟ್ಟು ಇರುತ್ತವೆ. ಆಸೆ ತಪ್ಪಲ್ಲ. ಆದರೆ ಅವೆಲ್ಲ ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಮಾಡುವ ಅಡುಗೆ. ಈ ತಿಂಗಳು ಮಾಡಿ ಮುಂದಿನ ತಿಂಗಳು ಮತ್ತೆ ಮಾಡುವ ಹೊತ್ತಿಗೆ ಕೈ ಮರೆತಿರುತ್ತದೆ. ಮಂಗಳವಾರ ರಾತ್ರಿ ಕೆಲಸದಿಂದ ಸುಸ್ತಾಗಿ ಬಂದಾಗ ನಿಮಗೆ ಏನು ತಿನ್ನಬೇಕು ಅನ್ನಿಸುತ್ತದೆ? ಅದರಿಂದ ಶುರು ಮಾಡಿ.

ನಾನು ಹೇಳಿಕೊಡುವುದು ಈ ಐದನ್ನು: ಅನ್ನ, ಬೇಳೆ ಸಾರು, ಒಂದು ಪಲ್ಯ, ಉಪ್ಪಿಟ್ಟು, ಚಿತ್ರಾನ್ನ. ನೀರಿನ ಅಳತೆ, ಬೇಳೆ ಬೇಯಿಸುವುದು, ಒಗ್ಗರಣೆ, ಹುರಿಯುವುದು, ಉಪ್ಪು ಹುಳಿ ಖಾರ ಸಮ ಮಾಡುವುದು ಎಲ್ಲ ಇವುಗಳಲ್ಲೇ ಬಂದುಬಿಡುತ್ತದೆ. ಬಿಸಿಬೇಳೆಬಾತ್ ಅಂದರೇನು ಹೇಳಿ? ಅನ್ನ, ಬೇಳೆ, ಹುಣಸೆ ರಸ, ತರಕಾರಿ, ಪುಡಿ, ಮೇಲೊಂದು ಒಗ್ಗರಣೆ. ಸಾರು ಬಂದವರಿಗೆ ಅದರಲ್ಲಿ ಅರ್ಧ ಬಂದ ಹಾಗೆಯೇ.

ಇನ್ನೊಂದು ಮಾತು. ಐದನ್ನೂ ಒಂದೇ ವಾರದಲ್ಲಿ ಮಾಡಲು ಹೋಗಬೇಡಿ. ಒಂದೇ ಸಾರನ್ನು ವಾರಕ್ಕೆ ಮೂರು ಸಲ ಮಾಡಿ. ನಾಲ್ಕನೇ ಸಲಕ್ಕೆ ಪುಸ್ತಕ, ಮೊಬೈಲ್ ಎರಡೂ ಬೇಕಾಗುವುದಿಲ್ಲ.

ಅನ್ನ ಒಂದು ದಿನ ಮುದ್ದೆ, ಒಂದು ದಿನ ಗಟ್ಟಿ. ಯಾಕೆ?

ಅಕ್ಕಿ ಬದಲಾಗಿರುತ್ತದೆ, ನೀವು ನೀರು ಬದಲಾಯಿಸಿರುವುದಿಲ್ಲ. ಹೊಸ ಅಕ್ಕಿಯಲ್ಲಿ ತೇವ ಜಾಸ್ತಿ, ನೀರು ಕಮ್ಮಿ ಸಾಕು. ವರ್ಷ ಕಳೆದ ಹಳೇ ಅಕ್ಕಿ ನೀರು ಚೆನ್ನಾಗಿ ಕುಡಿಯುತ್ತದೆ, ಅನ್ನವೂ ಉದುರಾಗಿ ಬರುತ್ತದೆ. ಹೊಸ ಚೀಲ ತಂದ ದಿನ ಒಂದು ಲೋಟ ಸೋನಾ ಮಸೂರಿಗೆ ಎರಡು ಲೋಟ ನೀರು ಹಾಕಿ, ಕುಕ್ಕರ್‌ನಲ್ಲಿ ಮೂರು ವಿಷಲ್ ಕೂಗಿಸಿ ನೋಡಿ. ಗಟ್ಟಿ ಅನ್ನಿಸಿದರೆ ಮಾರನೇ ದಿನ ಕಾಲು ಲೋಟ ಸೇರಿಸಿ. ಸಾರಿಗೆ ಕಲಸಿಕೊಂಡು ತಿನ್ನಲು ಮೆತ್ತಗೆ ಬೇಕು ಅನ್ನುವವರಿಗೆ ಎರಡೂವರೆ ಲೋಟ ಸರಿ ಹೋಗುತ್ತದೆ. ನಿಮಗೆ ಹೊಂದಿದ ಅಳತೆಯನ್ನು ಅಕ್ಕಿ ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಿ. ಚೀಲ ಮುಗಿಯುವವರೆಗೂ ಅದೇ ಲೆಕ್ಕ.

ವಿಷಲ್ ಕೂಗಿದ ಕೂಡಲೇ ವೆಯ್ಟ್ ಎತ್ತಿ ಹಬೆ ಬಿಡಬೇಡಿ. ಹತ್ತು ನಿಮಿಷ ಹಾಗೇ ಬಿಡಿ. ಒಳಗಿನ ಬಿಸಿಯಲ್ಲೇ ಅಗುಳು ಕೊನೆಯ ಹದಕ್ಕೆ ಬರುತ್ತದೆ.

ಅನ್ನ ಮುದ್ದೆ ಆಗಿಹೋಗಿದ್ದರೆ ಬಿಸಿ ಇರುವಾಗಲೇ ಹಾಲು ಸೇರಿಸಿ ಮಸೆದು, ಆರಿದ ಮೇಲೆ ಮೊಸರು ಬೆರೆಸಿ. ಒಳ್ಳೆಯ ಮೊಸರನ್ನಕ್ಕೆ ಅಂಥ ಅನ್ನವೇ ಬೇಕು.

ಬೇಳೆ ಎಷ್ಟು ಕೂಗಿಸಿದರೂ ಬೇಯುವುದಿಲ್ಲ, ಏನು ಮಾಡುವುದು?

ಮೊದಲು ನೋಡಬೇಕಾದ್ದು ಹುಣಸೆ ಹುಳಿ ಅಥವಾ ಟೊಮೆಟೊವನ್ನು ಬೇಳೆ ಜೊತೆಗೇ ಹಾಕಿದ್ದೀರಾ ಅಂತ. ಹುಳಿ ಸೇರಿದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಬೇಳೆ ಪೂರ್ತಿ ಬೆಂದ ಮೇಲೆಯೇ ಹುಳಿ. ಎರಡನೆಯದು ನೀರು. ಬೋರ್‌ವೆಲ್‌ನ ಗಡಸು ನೀರಲ್ಲಿ ಬೇಳೆ ಹಟ ಮಾಡುತ್ತದೆ, ಕುಡಿಯುವ ನೀರು ಹಾಕಿ. ಮೂರನೆಯದು ಬೇಳೆ ಹಳೆಯದಾಗಿರುವುದು. ಅರ್ಧ ಗಂಟೆ ನೆನೆಸಿದರೆ ಇಂಥ ಬೇಳೆಯೂ ಬಗ್ಗುತ್ತದೆ.

ಬೇಳೆಗೆ ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ ಹಾಕಿ. ಎಣ್ಣೆ ಇದ್ದರೆ ನೊರೆ ಏಳುವುದು ಕಮ್ಮಿ. ಕುಕ್ಕರ್‌ನಲ್ಲಿ ಬೇಳೆಯನ್ನು ಅರ್ಧಕ್ಕಿಂತ ಮೇಲೆ ತುಂಬಲೇಬಾರದು. ನೊರೆ ಹೋಗಿ ವಿಷಲ್ ದಾರಿ ಕಟ್ಟಿಕೊಂಡರೆ ಅಪಾಯ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಒಳಗೆ ಒತ್ತಡ ಏರಿ ಬಿಸಿ 120 ಡಿಗ್ರಿ ಹತ್ತಿರ ಹೋಗುತ್ತದೆ. ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯುವ ಬೇಳೆ ಕುಕ್ಕರ್‌ನಲ್ಲಿ ಕಾಲು ಗಂಟೆಗೆ ಬೇಯುವುದು ಇದಕ್ಕೇ.

ಸಾರು ಅಮ್ಮ ಮಾಡಿದ ಹಾಗೆ ಬರುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಹತ್ತರಲ್ಲಿ ಎಂಟು ಸಲ ತಪ್ಪುವುದು ಹಸಿ ವಾಸನೆಯಲ್ಲಿ. ಹುಣಸೆ ರಸ, ಸಾರಿನ ಪುಡಿ, ಬೇಳೆ ಎಲ್ಲವನ್ನೂ ಒಟ್ಟಿಗೆ ಸುರಿದು ಒಂದು ಕುದಿ ಬಂದ ಕೂಡಲೇ ಇಳಿಸಿಬಿಡುತ್ತಾರೆ. ಹಾಗೆ ಮಾಡಬೇಡಿ.

ನಾಲ್ಕು ಜನರಿಗೆ ಅರ್ಧ ಲೋಟ ತೊಗರಿ ಬೇಳೆ ಬೇಯಿಸಿ ಮಸೆದಿಡಿ. ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ನೆನೆಸಿ ರಸ ತೆಗೆಯಿರಿ. ಆ ರಸ, ಹೆಚ್ಚಿದ ಎರಡು ಟೊಮೆಟೊ, ಎರಡು ಚಮಚ ಸಾರಿನ ಪುಡಿ, ಉಪ್ಪು, ಅಡಿಕೆ ಗಾತ್ರದ ಬೆಲ್ಲ, ಎರಡು ಲೋಟ ನೀರು, ಇಷ್ಟನ್ನೇ ಮೊದಲು ಕುದಿಸಿ. ಎಂಟು ಹತ್ತು ನಿಮಿಷ ಬೇಕು. ಶುರುವಿನಲ್ಲಿ ಮೂಗಿಗೆ ಹುಣಸೆಯ ಹಸಿ ವಾಸನೆ ಬರುತ್ತದೆ. ಆಮೇಲೆ ಟೊಮೆಟೊ ಕರಗಿ, ಪುಡಿಯ ಘಮ ಮೇಲೇಳುತ್ತದೆ. ಆ ಬದಲಾವಣೆ ಗೊತ್ತಾಗುವವರೆಗೂ ಕಾಯಿರಿ. ಗಡಿಯಾರ ನೋಡುವುದಕ್ಕಿಂತ ಪಾತ್ರೆ ಹತ್ತಿರ ನಿಂತು ಮೂಸುವುದೇ ಮೇಲು.

ಆಮೇಲೆ ಬೇಳೆ, ಇನ್ನಷ್ಟು ನೀರು ಸೇರಿಸಿ. ಮೇಲೆ ನೊರೆ ಕಟ್ಟಿ ಉಕ್ಕಲು ಬಂದಾಗ ಉರಿ ಸಣ್ಣ ಮಾಡಿ ಎರಡು ನಿಮಿಷ ಬಿಟ್ಟು ಇಳಿಸಿ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಕೊತ್ತಂಬರಿ ಸೊಪ್ಪು ಹಾಕಿ ಮುಚ್ಚಿಬಿಡಿ. ಹತ್ತು ನಿಮಿಷ ಬಿಟ್ಟು ಬಡಿಸಿ, ರುಚಿಯೇ ಬೇರೆ.

ಉಪ್ಪು, ಹುಳಿ, ಖಾರ ಮೂರೂ ಸರಿ ಇದ್ದು ಏನೋ ಕಮ್ಮಿ ಅನ್ನಿಸಿದರೆ ಸ್ವಲ್ಪ ಬೆಲ್ಲ ಹಾಕಿ ನೋಡಿ.

ಅಂಗಡಿಯ ಸಾರಿನ ಪುಡಿ ತಂದರೆ ತಪ್ಪಾ?

ತಪ್ಪೇನಿಲ್ಲ, ಮೊದಲ ಮೂರು ತಿಂಗಳು ಅದನ್ನೇ ಬಳಸಿ. ಆಮೇಲೆ ಒಂದು ಭಾನುವಾರ ಮನೆಯಲ್ಲಿ ಮಾಡಿ: ಒಂದು ಲೋಟ ಧನಿಯಾ, ಕಾಲು ಲೋಟ ಜೀರಿಗೆ, ಎರಡು ಚಮಚ ಮೆಣಸು, ಒಂದು ಚಮಚ ಮೆಂತ್ಯ, ಒಂದು ಚಮಚ ಸಾಸಿವೆ, 25 ಬ್ಯಾಡಗಿ ಮೆಣಸಿನಕಾಯಿ, ಒಂದು ಹಿಡಿ ಕರಿಬೇವು. ಒಂದೊಂದನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಒಟ್ಟಿಗೆ ಹಾಕಿದರೆ ಧನಿಯಾ ಬಿಸಿಯಾಗುವಷ್ಟರಲ್ಲಿ ಮೆಂತ್ಯ ಕಪ್ಪಾಗಿ ಕಹಿ ಆಗಿರುತ್ತದೆ. ಪೂರ್ತಿ ಆರಿದ ಮೇಲೆ ಇಂಗು ಸೇರಿಸಿ ಪುಡಿ ಮಾಡಿ.

ಮೆಣಸಿನಕಾಯಿ ಬ್ಯಾಡಗಿಯದೇ ಆಗಲಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಹೆಸರಿನ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬಣ್ಣ ಗಾಢ, ಖಾರ ಹದ. ಗುಂಟೂರು ಕಾಯಿ ಇಷ್ಟೇ ಸಂಖ್ಯೆಯಲ್ಲಿ ಹಾಕಿದರೆ ಬಾಯಿಗೆ ಇಡಲಾಗುವುದಿಲ್ಲ.

ಸಾರು, ಹುಳಿ, ಸಾಂಬಾರು, ಬಸ್ಸಾರು, ತಂಬುಳಿ. ಇಷ್ಟೊಂದು ಹೆಸರು, ವ್ಯತ್ಯಾಸ ಏನು?

ಊರು ಬದಲಾದ ಹಾಗೆ ಹೆಸರೂ ಬದಲಾಗುತ್ತದೆ. ಮೈಸೂರು ಕಡೆ ಎಷ್ಟೋ ಮನೆಗಳಲ್ಲಿ ತೆಳ್ಳಗಿನದು ಸಾರು, ತರಕಾರಿ ಹಾಕಿ ಕಾಯಿ ಮಸಾಲೆ ರುಬ್ಬಿ ಮಾಡಿದ ಗಟ್ಟಿಯದು ಹುಳಿ. ಹೋಟೆಲಿನಲ್ಲಿ ಅದೇ ಸಾಂಬಾರು. ಮಂಡ್ಯದ ಕಡೆ ಮುದ್ದೆ ಜೊತೆ ಬರುವುದೆಲ್ಲ ಸಾರೇ: ಸೊಪ್ಪಿನ ಸಾರು, ಕಾಳಿನ ಸಾರು, ಕೋಳಿ ಸಾರು. ಬಸ್ಸಾರು ಅಂದರೆ ಸೊಪ್ಪು, ಕಾಳು ಬೇಯಿಸಿ ನೀರು ಬಸಿದು, ಆ ಬಸಿದ ನೀರಿನಲ್ಲಿ ಮಾಡುವ ಸಾರು. ಉಳಿದ ಸೊಪ್ಪು ಕಾಳು ಪಲ್ಯವಾಗುತ್ತದೆ. ಒಂದೇ ಬೇಯಿಸುವಿಕೆಯಲ್ಲಿ ಎರಡು ಅಡುಗೆ. ಮಸ್ಸೊಪ್ಪಿನಲ್ಲಿ ಬಸಿಯುವುದಿಲ್ಲ, ಎಲ್ಲವನ್ನೂ ಮಸೆದುಬಿಡುತ್ತಾರೆ.

ಹೊಸಬರು ಮರೆಯಬಾರದ್ದು ಮಲೆನಾಡಿನ ತಂಬುಳಿ. ನಾಲ್ಕು ದೊಡ್ಡಪತ್ರೆ ಎಲೆಯನ್ನು ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಸ್ವಲ್ಪ ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆಗೆ ಬೆರೆಸಿ. ಕುದಿಸುವುದೇ ಬೇಡ. ಬಿಸಿಲು ಕಾಲದ ಮಧ್ಯಾಹ್ನಕ್ಕೆ ಇದಕ್ಕಿಂತ ಸುಲಭದ್ದು, ಹಿತವಾದದ್ದು ನನಗೆ ಗೊತ್ತಿಲ್ಲ.

ಒಗ್ಗರಣೆ ಪ್ರತಿ ಸಲ ಸೀದು ಹೋಗುತ್ತದೆ.

ಪದಾರ್ಥ ಎಲ್ಲ ಕೈಗೆ ಸಿಗುವ ಹಾಗೆ ಇಟ್ಟುಕೊಂಡೇ ಎಣ್ಣೆ ಬಿಸಿಗಿಡಿ. ಎಣ್ಣೆ ಕಾಯುವಾಗ ಇಂಗಿನ ಡಬ್ಬಿ ಹುಡುಕಲು ಹೋದರೆ ಮುಗಿಯಿತು. ಒಂದು ಸಾಸಿವೆ ಕಾಳು ಹಾಕಿ ನೋಡಿ. ಕೂಡಲೇ ಸಿಡಿದರೆ ಎಣ್ಣೆ ಕಾದಿದೆ. ಸಾಸಿವೆ ಹಾಕಿ ಸಿಡಿತ ನಿಲ್ಲುತ್ತಾ ಬಂದಾಗ ಉರಿ ಸಣ್ಣ ಮಾಡಿ. ಆಮೇಲೆ ಉದ್ದಿನ ಬೇಳೆ, ಕಡಲೆ ಬೇಳೆ. ಅವು ಕೆಂಪಾಗುವ ಹೊತ್ತಿಗೆ ಒಣಮೆಣಸಿನಕಾಯಿ, ಕರಿಬೇವು, ಕೊನೆಗೆ ಇಂಗು. ಹೆಚ್ಚು ಹೊತ್ತು ಬೇಕಾದ್ದು ಮೊದಲು, ಬೇಗ ಸೀಯುವುದು ಕೊನೆಗೆ. ಕರಿಬೇವನ್ನು ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಎಣ್ಣೆ ಕೈ ಮೇಲೆ ಸಿಡಿಯುತ್ತದೆ.

ಸೀದ ಒಗ್ಗರಣೆಯನ್ನು ಸಾರಿಗೆ ಹಾಕಬೇಡಿ. ಒಂದು ಚಮಚ ಎಣ್ಣೆ ಹೋದರೆ ಹೋಗಲಿ, ಇಡೀ ಪಾತ್ರೆ ಸಾರು ಕಹಿ ಆಗುವುದು ಬೇಡ.

ಅಮ್ಮನ ಹತ್ತಿರ ಅಳತೆ ಕೇಳಿದರೆ "ಕಣ್ಣಳತೆಗೆ ಹಾಕು" ಅನ್ನುತ್ತಾರೆ. ಹೇಗೆ ಕಲಿಯುವುದು?

ನನ್ನ ಅತ್ತೆಯೂ ಹೀಗೇ. ಉಪ್ಪು ಎಷ್ಟು ಅಂದರೆ "ಬೇಕಾದಷ್ಟು" ಅನ್ನುತ್ತಿದ್ದರು. ಬೇಕಾದಷ್ಟು ಎಷ್ಟು ಅಂತ ಗೊತ್ತಿಲ್ಲದೆ ಮದುವೆಯಾದ ಹೊಸತರಲ್ಲಿ ನಾನು ಎರಡು ಸಲ ಹುಳಿ ಚೆಲ್ಲಿದ್ದೇನೆ. ಅವರು ಹೇಳಲು ಬೇಜಾರಿನಿಂದ ಹಾಗೆ ಅಂದದ್ದಲ್ಲ. ಅವರಿಗೆ ಗೊತ್ತಿದ್ದದ್ದು ಕೈಗೆ, ಬಾಯಿಗಲ್ಲ.

ಒಂದು ದಿನ ಅವರು ಮಸಾಲೆ ಹಾಕುವ ಮುಂಚೆ ಕೈಯಲ್ಲಿದ್ದದ್ದನ್ನು ಬಟ್ಟಲಿಗೆ ಹಾಕಿಸಿಕೊಂಡು ಚಮಚದಲ್ಲಿ ಅಳೆದೆ. ಒಂದು ತಿಂಗಳಲ್ಲಿ ಒಂದು ಪುಸ್ತಕವೇ ಆಯಿತು. ಊರಿಗೆ ಹೋದಾಗ ನೀವೂ ಹೀಗೇ ಮಾಡಿ. ನಿಮ್ಮ ಅಮ್ಮನ "ಒಂದು ಹಿಡಿ" ಅವರ ಕೈಯ ಹಿಡಿ, ನಿಮ್ಮದಲ್ಲ.

ಹಿರಿಯರ ಮಾತಿನಲ್ಲಿ ಬರುವ ಕೆಲವು ಅಳತೆ ಗೊತ್ತಿದ್ದರೆ ಒಳ್ಳೆಯದು. ಪಾವು ಅಂದರೆ ಕಾಲು ಸೇರು, ಒಂದು ಪಾವು ಅಕ್ಕಿ ಹೆಚ್ಚುಕಡಿಮೆ 200 ಗ್ರಾಂ. "ಅಕ್ಕಿ ಮೇಲೆ ಒಂದು ಗೆಣ್ಣು ನೀರು" ಅಂದರೆ ಬೆರಳ ತುದಿ ಅಕ್ಕಿಗೆ ತಾಗಿಸಿದಾಗ ನೀರು ಮೊದಲ ಗೆರೆ ಮುಟ್ಟಬೇಕು. ಹುಣಸೆಗೆ ಗೋಲಿ, ನೆಲ್ಲಿಕಾಯಿ, ನಿಂಬೆಹಣ್ಣಿನ ಗಾತ್ರ ಅನ್ನುತ್ತಾರೆ. ದಿನದ ಸಾರಿಗೆ ನೆಲ್ಲಿಕಾಯಿ ಗಾತ್ರ, ಪುಳಿಯೋಗರೆ ಗೊಜ್ಜಿಗೆ ನಿಂಬೆ ಗಾತ್ರ. ಉಪ್ಪಿಗೆ ನಾನು ಕೊಡುವ ಲೆಕ್ಕ: ಒಂದು ಲೀಟರ್ ಸಾರಿಗೆ ಒಂದೂವರೆ ಚಮಚ ಪುಡಿ ಉಪ್ಪು. ಸ್ವಲ್ಪ ಕಮ್ಮಿ ಹಾಕಿ ಶುರು ಮಾಡಿ.

ಉಪ್ಪು ಜಾಸ್ತಿ ಆದರೆ ಆಲೂಗಡ್ಡೆ ಹಾಕಿದರೆ ಸರಿಹೋಗುತ್ತಾ?

ಇಲ್ಲ. ಆಲೂಗಡ್ಡೆ ಉಪ್ಪನ್ನಷ್ಟೇ ಹೀರುವುದಿಲ್ಲ, ಉಪ್ಪುನೀರನ್ನು ಹೀರುತ್ತದೆ. ಉಳಿದದ್ದು ಅಷ್ಟೇ ಉಪ್ಪಾಗಿರುತ್ತದೆ. ನೀರು, ಇನ್ನಷ್ಟು ಬೆಂದ ಬೇಳೆ ಸೇರಿಸಿ ಹೆಚ್ಚಿಸಿ. ಪಲ್ಯಕ್ಕಾದರೆ ಕಾಯಿತುರಿ ಹಾಕಿ. ಖಾರ ಜಾಸ್ತಿಯಾದರೆ ಬೆಲ್ಲ, ನಿಂಬೆರಸ, ತುಪ್ಪ ಕೈ ಹಿಡಿಯುತ್ತವೆ.

ಉಪ್ಪಿಟ್ಟು ಗಂಟು ಕಟ್ಟುತ್ತದೆ. ಮನೆಯಲ್ಲಿ ಯಾರೂ ತಿನ್ನುವುದಿಲ್ಲ.

ಉಪ್ಪಿಟ್ಟು ಬೇಡ ಅನ್ನುವವರು ಒಳ್ಳೆಯ ಉಪ್ಪಿಟ್ಟು ತಿಂದಿಲ್ಲ ಅಂತಲೇ ನಾನು ನಂಬಿದ್ದೇನೆ. ರವೆಯನ್ನು ಒಂದು ಚಮಚ ತುಪ್ಪದಲ್ಲಿ ಘಮ್ಮೆನ್ನುವವರೆಗೂ ಹುರಿಯಿರಿ, ಬಣ್ಣ ಬದಲಾಗಬಾರದು. ಒಂದು ಲೋಟ ಮಧ್ಯಮ ರವೆಗೆ ಎರಡೂವರೆ ಲೋಟ ನೀರು, ಬನ್ಸಿ ರವೆಗೆ ಮೂರು. ಒಗ್ಗರಣೆ, ಈರುಳ್ಳಿ, ಹಸಿಮೆಣಸಿನಕಾಯಿ, ಶುಂಠಿ ಆದ ಮೇಲೆ ನೀರು ಹಾಕಿ ಚೆನ್ನಾಗಿ ಕೊತಕೊತ ಕುದಿಯಲಿ. ಉರಿ ಸಣ್ಣ ಮಾಡಿ, ಒಂದು ಕೈಯಲ್ಲಿ ರವೆ ಮಳೆಯ ಹಾಗೆ ಸುರಿಯುತ್ತಾ ಇನ್ನೊಂದು ಕೈಯಲ್ಲಿ ತಿರುಗಿಸುತ್ತಾ ಇರಿ. ಮುಚ್ಚಿ ಐದು ನಿಮಿಷ. ಕೊನೆಗೆ ನಿಂಬೆರಸ, ಕಾಯಿತುರಿ, ತುಪ್ಪ.

ರಾತ್ರಿ ಉಳಿದ ಅನ್ನದಲ್ಲಿ ಚಿತ್ರಾನ್ನ ಮಾಡಬಹುದಾ?

ಮಾಡಬಹುದು, ತಣ್ಣಗಿನ ಉದುರು ಅನ್ನವೇ ಅದಕ್ಕೆ ಚೆನ್ನ. ಆದರೆ ಅನ್ನವನ್ನು ರಾತ್ರಿಯಿಡೀ ಹೊರಗೆ ಬಿಟ್ಟಿರಬಾರದು. ಕೆಲವು ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಊಟವಾದ ಮೇಲೆ ಎರಡು ಗಂಟೆಯೊಳಗೆ ಫ್ರಿಜ್ಜಿಗಿಡಿ, ಬೆಳಿಗ್ಗೆಯೇ ಮುಗಿಸಿ. ನಿಂಬೆರಸವನ್ನು ಒಲೆ ಆರಿಸಿದ ಮೇಲೆ ಹಿಂಡಿ, ಉರಿಯಲ್ಲಿ ಹಿಂಡಿದರೆ ಕಹಿ ಬರುತ್ತದೆ.

ದೋಸೆ ಹಿಟ್ಟು ಹುಳಿ ಬರುವುದಿಲ್ಲ. ಬಂದರೂ ದೋಸೆ ಕಾವಲಿಗೆ ಅಂಟುತ್ತದೆ.

ಮೂರು ಲೋಟ ದೋಸೆ ಅಕ್ಕಿಗೆ ಒಂದು ಲೋಟ ಉದ್ದಿನ ಬೇಳೆ, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಐದಾರು ಗಂಟೆ ನೆನೆಯಲಿ. ಉದ್ದನ್ನು ಬೇರೆಯಾಗಿ, ಉಬ್ಬುವವರೆಗೂ ರುಬ್ಬಿ. ಒಂದು ತೊಟ್ಟು ನೀರಿಗೆ ಹಾಕಿದರೆ ತೇಲಬೇಕು. ಹಿಟ್ಟು ಹುಳಿ ಬರುವುದು ಬೇಳೆಯಲ್ಲೇ ಇರುವ ಸೂಕ್ಷ್ಮಜೀವಿಗಳಿಂದ, ಅವಕ್ಕೆ 25ರಿಂದ 30 ಡಿಗ್ರಿ ಬೆಚ್ಚಗೆ ಬೇಕು. ಬೇಸಿಗೆಯಲ್ಲಿ ಎಂಟು ಗಂಟೆ ಸಾಕು. ಡಿಸೆಂಬರ್‌ನ ಬೆಂಗಳೂರಿನಲ್ಲಿ ಹನ್ನೆರಡು ಗಂಟೆ ದಾಟಿದರೂ ಗಾಬರಿ ಬೇಡ, ಪಾತ್ರೆಗೆ ಟವೆಲ್ ಸುತ್ತಿ ಇಡಿ. ಹೊರದೇಶದ ಚಳಿಯಲ್ಲಿ ಇರುವವರು ಓವನ್ ಹಚ್ಚದೆ ಒಳಗಿನ ದೀಪ ಮಾತ್ರ ಉರಿಸಿ ಅದರೊಳಗೆ ಇಟ್ಟರೆ ಆಗುತ್ತದೆ. ಅಣ್ಣನ ಮಗಳು ಈಗ ಹೀಗೇ ಮಾಡುತ್ತಾಳೆ.

ಕಾವಲಿ ಕಬ್ಬಿಣದ್ದಾದರೆ ಅದನ್ನು ಪಳಗಿಸಬೇಕು. ಎಣ್ಣೆ ಹಚ್ಚಿ, ಹೊಗೆ ಬರುವವರೆಗೂ ಕಾಯಿಸಿ, ಆರಿಸಿ, ಒರೆಸಿ. ಹೀಗೆ ನಾಲ್ಕೈದು ಸಲ. ದೋಸೆ ಹಾಕುವ ಮುಂಚೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ. ಮೊದಲ ದೋಸೆ ಹಾಳಾಗುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ದಾವಣಗೆರೆಯ ಬೆಣ್ಣೆ ದೋಸೆ ಇಷ್ಟವಾದರೆ ಅವಲಕ್ಕಿ ಬದಲು ಮಂಡಕ್ಕಿ ನೆನೆಸಿ ರುಬ್ಬಿ, ಅಲ್ಲಿಯ ಹಿಟ್ಟಿಗೆ ಅದೇ ಹಾಕುತ್ತಾರೆ.

ರಾಗಿ ಮುದ್ದೆ, ಜೋಳದ ರೊಟ್ಟಿ ಹೊಸಬರಿಗೆ ಕಷ್ಟ ಅಲ್ವಾ?

ಮುದ್ದೆ ಅಷ್ಟು ಕಷ್ಟವಲ್ಲ. ಎರಡು ಲೋಟ ನೀರಿಗೆ ಒಂದು ಚಮಚ ರಾಗಿ ಹಿಟ್ಟು ಕದಡಿ ಹಾಕಿ ಕುದಿಸಿ. ಕುದಿಯುವಾಗ ಒಂದು ಲೋಟ ತುಂಬಾ ಹಿಟ್ಟನ್ನು ನಡುವೆ ಗುಡ್ಡೆಯ ಹಾಗೆ ಸುರಿದು, ಕೋಲಿನಿಂದ ಗುಡ್ಡೆ ಮಧ್ಯೆ ಒಂದು ತೂತು ಮಾಡಿ ಬಿಡಿ. ಆಗಲೇ ತಿರುವಬೇಡಿ, ಗಂಟಾಗುವುದು ಅಲ್ಲೇ. ಸಣ್ಣ ಉರಿಯಲ್ಲಿ ಐದು ನಿಮಿಷ ಬೆಂದ ಮೇಲೆ ಇಳಿಸಿ, ಪಾತ್ರೆ ಗಟ್ಟಿ ಹಿಡಿದು ಕೋಲಿನಲ್ಲಿ ಬಲ ಹಾಕಿ ತಿರುವಿ. ಮತ್ತೆ ಎರಡು ನಿಮಿಷ ಒಲೆ ಮೇಲಿಟ್ಟು, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ. ಒದ್ದೆ ಕೈಗೆ ಅಂಟದಿದ್ದರೆ ಬೆಂದಿದೆ ಅಂತ ಅರ್ಥ.

ಜೋಳದ ರೊಟ್ಟಿಗೆ ಮಾತ್ರ ತಾಳ್ಮೆ ಬೇಕು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ, ಅದಕ್ಕೇ ಕುದಿಯುವ ನೀರಿನಲ್ಲಿ ಕಲಸಿ ಚೆನ್ನಾಗಿ ನಾದುವುದು. ಹಿಟ್ಟು ಹಳೆಯದಾದರೆ ಜಿಗುಟು ಹೋಗಿ ಬಡಿಯುವಾಗ ಒಡೆಯುತ್ತದೆ. ಗಿರಣಿಯಲ್ಲಿ ಆಗಷ್ಟೇ ಬೀಸಿಸಿದ ಹಿಟ್ಟು ತನ್ನಿ. ಅರ್ಧ ಕೈ ಅಗಲಕ್ಕೆ ಬಂದರೂ ಸಾಕು, ಎಣ್ಣೆಗಾಯಿ ಜೊತೆ ತಿನ್ನಿ.

ಯಾವ ಯಾವ ಪಾತ್ರೆ ಕೊಳ್ಳಬೇಕು?

ಮೂರು ಲೀಟರ್ ಕುಕ್ಕರ್, ದಪ್ಪ ತಳದ ಬಾಣಲೆ, ಸಾರಿಗೊಂದು ಪಾತ್ರೆ, ಒಗ್ಗರಣೆ ಸೌಟು, ಒಳ್ಳೆಯ ಚಾಕು, ಮಿಕ್ಸಿ. ಕಾವಲಿ ಆಮೇಲೆ.

ಹಬ್ಬಕ್ಕೆ ನಾನೇ ಒಬ್ಬಟ್ಟು ಮಾಡಬೇಕು ಅಂತ ಆಸೆ. ಧೈರ್ಯ ಮಾಡಲಾ?

ಸಿಹಿಯಲ್ಲಿ ಕೇಸರಿಬಾತ್, ಹೆಸರುಬೇಳೆ ಪಾಯಸ ಎರಡು ಮೂರು ಸಲ ಮಾಡಿದ್ದರೆ ಧೈರ್ಯ ಮಾಡಿ. ಹಬ್ಬದ ಹಿಂದಿನ ಭಾನುವಾರ ನಾಲ್ಕೇ ಒಬ್ಬಟ್ಟು ಮಾಡಿ ನೋಡಿ.

ಕಷ್ಟ ಇರುವುದು ಹೂರಣದಲ್ಲಿ. ಒಂದು ಲೋಟ ಕಡಲೆ ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸಿ. ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಕಲಸಿಹೋಗಿರಬಾರದು. ನೀರು ಪೂರ್ತಿ ಬಸಿದು, ಮುಕ್ಕಾಲು ಲೋಟ ಬೆಲ್ಲ ಸೇರಿಸಿ ಒಲೆ ಮೇಲೆ ಕೈಯಾಡಿಸಿ. ತಳ ಬಿಟ್ಟು ಬರುವ ಹೊತ್ತಿಗೆ ಇಳಿಸಿ, ಆರಿದ ಮೇಲೆ ಏಲಕ್ಕಿ ಹಾಕಿ ನುಣ್ಣಗೆ ರುಬ್ಬಿ. ನೀರಾಯಿತಾ? ಮತ್ತೆ ಒಲೆ ಮೇಲಿಡಿ, ಉಂಡೆ ನಿಲ್ಲುವವರೆಗೂ ಕೈಯಾಡಿಸಿ. ಕಣಕಕ್ಕೆ ಚಿರೋಟಿ ರವೆ, ಮೈದಾ, ಅರಿಶಿನ ಸೇರಿಸಿ ಸಡಿಲವಾಗಿ ಕಲಸಿ, ಎಣ್ಣೆಯಲ್ಲಿ ಮುಳುಗುವ ಹಾಗೆ ಎರಡು ಗಂಟೆ ನೆನೆಯಲಿ. ಎಳೆದರೆ ರಬ್ಬರಿನ ಹಾಗೆ ಹಿಗ್ಗಬೇಕು. ತಟ್ಟುವಾಗ ಒಂದು ಕಡೆ ಹರಿದು ಹೂರಣ ಇಣುಕಿದರೆ ಅಲ್ಲಿಗೆ ಚಿಟಿಕೆ ಕಣಕ ಅಂಟಿಸಿ ಬೇಯಿಸಿಬಿಡಿ.

ಬೇಳೆ ಬಸಿದ ಕಟ್ಟನ್ನು ಚೆಲ್ಲಬೇಡಿ. ಅದಕ್ಕೆ ಎರಡು ಚಮಚ ಹೂರಣ ಕದಡಿ, ಹುಣಸೆ ರಸ, ಪುಡಿ, ಉಪ್ಪು ಹಾಕಿ ಕುದಿಸಿದರೆ ಒಬ್ಬಟ್ಟಿನ ಸಾರು. ಮಾಡುವ ಕ್ರಮ ಮೇಲೆ ಹೇಳಿದ ಬೇಳೆ ಸಾರಿನದೇ. ಸ್ವಲ್ಪ ಜಾಸ್ತಿಯೇ ಮಾಡಿಡಿ, ಮಾರನೇ ದಿನ ಬಿಸಿ ಮಾಡಿ ಅನ್ನಕ್ಕೆ ಹಾಕಿಕೊಂಡರೆ ಇನ್ನೂ ರುಚಿಯಾಗಿರುತ್ತದೆ.